ಸುಟ್ಟ ವೈಂಡಿಂಗಿನ ವಾಸನೆ

ಆ ವಾಸನೆಯನ್ನು ನಮ್ಮವರು ಮೊದಲ ಎರಡು ದಿನ ನಮ್ಮ ಅಡುಗೆಮನೆಯ ಕಸದ ಡಬ್ಬಿಯ ತಲೆಗೆ ಕಟ್ಟಿದರು. ಮೂರನೆಯ ದಿನ, ಬೇಲಿಯ ಆಚೆ ಯಾವುದೋ ರಕೂನು ಸತ್ತಿರಬೇಕು ಎಂದರು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಿತ್ತಲ ಬಾಗಿಲು ತೆಗೆದಾಗ ಕುಡಿದ ಕಾಫಿ ಗಂಟಲಿಗೆ ಬಂತು. ವಾಸನೆ ಬರುತ್ತಿದ್ದದ್ದು ಪಕ್ಕದ ಮನೆಯ ಗ್ಯಾರೇಜಿನಿಂದ.

ಫ್ರೀಮಾಂಟಿನ ಈ ಬೀದಿಗೆ ನಾವು ಬಂದಾಗಿನಿಂದ ಆ ಮನೆಯಲ್ಲಿ ಒಬ್ಬರೇ ಅಜ್ಜ ಇದ್ದಾರೆ. ಇಲ್ಲಿಯವರೇ, ನಮ್ಮ ಹಾಗೆ ಹೊರದೇಶದಿಂದ ಬಂದವರಲ್ಲ. ಎಂಬತ್ತು ದಾಟಿದೆ. ಕಾರು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸೊಂಟದ ಆಪರೇಷನ್ನಿಗೆಂದು ಹೋದವರು ಐದು ವಾರ ಮನೆಯಲ್ಲಿರಲಿಲ್ಲ. ವಾಕರ್ ಹಿಡಿದುಕೊಂಡು ವಾಪಸು ಬಂದ ದಿನವೇ ನಾವಿಬ್ಬರೂ ಹೋಗಿ ವಿಷಯ ಹೇಳಿದೆವು.

ಗ್ಯಾರೇಜಿನ ಮೂಲೆಯಲ್ಲಿ ಅವರ ಹಳೆಯ ಫ್ರಿಜ್ಜಿತ್ತು. ಅವರ ತಾಯಿ ಮದುವೆಯಾದ ಹೊಸದರಲ್ಲಿ ಕೊಂಡದ್ದಂತೆ. ಬಿಳಿ ಪಿಂಗಾಣಿ ಲೇಪದ ಮೈ, ಕೆಳಗೆ ಬಾಗಿದ ನಾಲ್ಕು ಕಾಲು, ತಲೆಯ ಮೇಲೆ ಬೋರಲು ಹಾಕಿದ ಪಾತ್ರೆಯಂಥ ಕಬ್ಬಿಣದ ಗುಮ್ಮಟ. ಆ ಗುಮ್ಮಟದೊಳಗೇ ಕಂಪ್ರೆಸರ್ರು, ಅದರ ಮೋಟಾರು. ಅಷ್ಟು ವರ್ಷ ನಡೆದದ್ದು ಅವರು ಆಸ್ಪತ್ರೆಯಲ್ಲಿದ್ದಾಗ ನಿಂತುಹೋಗಿತ್ತು. ಅಜ್ಜ ಬಾಗಿಲ ಹಿಡಿಯನ್ನು ಎಳೆದರು.

ಒಳಗೆ ಗಾಳಕ್ಕೆ ಸಿಕ್ಕಿಸಲು ಇಟ್ಟಿದ್ದ ಸಣ್ಣ ಮೀನು ನಾಲ್ಕು ಚೀಲ, ಕಾಗದದಲ್ಲಿ ಸುತ್ತಿದ ಮಾಂಸ, ಒಂದು ಡಬ್ಬಿ ಹಾಲು. ಮೀನು ಮೀನಾಗಿ ಉಳಿದಿರಲಿಲ್ಲ. ಬೂದು ಬಣ್ಣದ ರಸವಾಗಿ ತಟ್ಟೆಯಿಂದ ತಟ್ಟೆಗೆ ಇಳಿದು ಬಾಗಿಲ ರಬ್ಬರಿನ ಸಂದಿಯಲ್ಲಿ ಗಟ್ಟಿಯಾಗಿತ್ತು. ಆ ಸಂದಿಯ ತುಂಬ ಬಿಳಿ ಹುಳು ಮಿಜಿಮಿಜಿ ಎನ್ನುತ್ತಿದ್ದವು. ನಮ್ಮವರು ಹೊರಗೆ ಓಡಿಹೋಗಿ ನಿಂಬೆಗಿಡದ ಬುಡದಲ್ಲಿ ಕಾರಿಕೊಂಡರು. ಅಜ್ಜ ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈಯಿಂದ ತಾವೇ ಬಳಿಯಲು ಶುರುಮಾಡಿದರು. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ. ಕೈಗವಸು ತರಿಸಿಕೊಂಡು, ಮೂಗಿಗೆ ದುಪಟ್ಟಾ ಕಟ್ಟಿಕೊಂಡು ನಾನೇ ತೊಳೆದೆ. ಮೂರು ಬಕೆಟ್ಟು ಬಿಸಿನೀರು, ಸೋಪು, ಆಮೇಲೆ ಬ್ಲೀಚು. ನಡುವೆ ಎರಡು ಸಲ ಹೊರಗೆ ಹೋಗಿ ಉಗಿದು ಬಂದೆ.

ಮೀನಿನ ನಾತ ಹೋದ ಮೇಲೆ ಅದರ ಕೆಳಗಿದ್ದ ಇನ್ನೊಂದು ವಾಸನೆ ಮೇಲೆ ಬಂತು. ಸುಟ್ಟ ಕೂದಲು, ಹಳೆಯ ಅಂಟು, ಕಾದ ತಾಮ್ರ. ನನಗೆ ಗೊತ್ತಿದ್ದ ವಾಸನೆ.

"ಮೋಟಾರಿನ ವೈಂಡಿಂಗ್ ಸುಟ್ಟಿದೆ," ಎಂದೆ.

ಅಜ್ಜ ನನ್ನನ್ನು ನೋಡಿದರು. "ನಿಮಗೆ ಹೇಗೆ ಗೊತ್ತು?"

"ವಾಸನೆ ಹಾಗಿದೆ," ಎಂದಷ್ಟೇ ಹೇಳಿದೆ.

ನನ್ನ ಅಪ್ಪನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಹತ್ತಡಿ ಅಗಲ, ಹದಿನೈದಡಿ ಉದ್ದ. ಸುತ್ತಲಿನ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ಟುಗಳು ಬರುತ್ತಿದ್ದವು. ಅವುಗಳ ಒಳಗಿನ ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಎಣಿಸಿ ಸುತ್ತಿ, ಕೋರು ಎನ್ನುವ ಕಬ್ಬಿಣದ ಬಳೆಯ ಸೀಳುಗಳಲ್ಲಿ ಕೂರಿಸುವುದು ಕೆಲಸ. ಆ ಸೀಳಿಗೆ ನಾವು ಸ್ಲಾಟು ಎನ್ನುತ್ತಿದ್ದೆವು. ನನ್ನ ಬೆರಳು ಸಣ್ಣವು ಅಂತ ಅಪ್ಪ ಹತ್ತನೆಯ ವಯಸ್ಸಿಗೇ ನನ್ನನ್ನು ಕೂರಿಸಿದ. ಹಳೆಯ ತಂತಿ ಸಡಿಲವಾಗಲೆಂದು ಅಂಗಡಿಯ ಮುಂದೆ ಕೋರಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಿದ್ದರು. ಅದರ ಹೊಗೆ ನನ್ನ ಲಂಗಕ್ಕೆ, ಜಡೆಗೆ, ಪುಸ್ತಕಕ್ಕೆ ಹತ್ತುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಬೆಂಚಿನ ತುದಿಗೆ ಸರಿಯುತ್ತಿದ್ದಳು. ಸೀಗೆಕಾಯಿ ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಅಂಗಡಿಯ ಕಡೆ ನಾನು ತಲೆ ಹಾಕಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದು, ಒಂದು ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡಿ, ಹೋದ ವರ್ಷ ಬಿಟ್ಟೆ.

ಎರಡು ದಿನ ಬಿಟ್ಟು ಅಜ್ಜನ ಗೆಳೆಯರೊಬ್ಬರು ಬಂದರು. ಹಳೆಯ ಫ್ರಿಜ್ ಮೆಕ್ಯಾನಿಕ್ಕು, ಅವರಿಗೂ ಎಪ್ಪತ್ತರ ಮೇಲೆ. ಅದರೊಳಗಿದ್ದ ಗ್ಯಾಸು ಗಂಧಕದ್ದು, ಮನುಷ್ಯ ಉಸಿರಾಡುವಂಥದ್ದಲ್ಲ. ಅವರು ಮುಖಕ್ಕೆ ಮಾಸ್ಕು ಹಾಕಿಕೊಂಡು ಅದನ್ನು ಸಿಲಿಂಡರಿಗೆ ಇಳಿಸಿಕೊಂಡರು. ಆದರೂ ಒಂದಿಷ್ಟು ಹೊರಗೆ ಬಂತು. ಸಾವಿರ ಬೆಂಕಿಕಡ್ಡಿ ಒಟ್ಟಿಗೆ ಗೀರಿದ ಹಾಗೆ ಕಣ್ಣು ಉರಿಯಿತು. ಆಮೇಲೆ ಬೋಲ್ಟು ಬಿಚ್ಚಿ ಗುಮ್ಮಟ ಎತ್ತಿದರು.

ಎಣ್ಣೆ ತಾರಿನ ಹಾಗೆ ಕಪ್ಪಗೆ, ಲೋಳೆ ಲೋಳೆಯಾಗಿತ್ತು. ಕೊಳೆತ ಮೊಟ್ಟೆಗೆ ವಿನಿಗರ್ ಹಾಕಿ ಕುದಿಸಿದಂಥ ನಾತ. ಒಂದು ಹನಿ ನನ್ನ ಮಣಿಕಟ್ಟಿಗೆ ಸಿಡಿದು ಚುರುಗುಟ್ಟಿತು. ಮೆಕ್ಯಾನಿಕ್ಕು ಒಳಗೆ ಇಣುಕಿ, "ಎಸೆದುಬಿಡು. ಇದನ್ನು ಸುತ್ತಿಕೊಡೋರು ಈ ಕಡೆ ಯಾರೂ ಉಳಿದಿಲ್ಲ," ಎಂದರು.

"ಎಸೆಯೋದು ಯಾಕೆ? ಕೆಟ್ಟಿದೆ ಅಷ್ಟೆ," ಎಂದರು ಅಜ್ಜ.

ನಾನು ನೋಡಲಿಕ್ಕೆಂದು ಹೋದವಳು. ಟಾರ್ಚು ಬಿಟ್ಟು ಬಗ್ಗಿ ನೋಡಿದೆ. ಆಗ ಕಂಡಿತು. ಹಿಂದೆ ಯಾವಾಗಲೋ ಯಾರೋ ಅದನ್ನು ಒಮ್ಮೆ ಸುತ್ತಿದ್ದರು. ಎರಡು ದಪ್ಪದ ತಂತಿ ಸೇರಿಸಿದ್ದರು. ಸುತ್ತು ಒಂದರ ಮೇಲೊಂದು ಅಡ್ಡಾದಿಡ್ಡಿ ಹತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ತಂತಿ ಸಾಲದೆ ಬಂದ ಕಡೆ ಸ್ಲಾಟಿನ ಒಳಗೇ ಎರಡು ತುದಿ ತಿರುಚಿ, ಬಟ್ಟೆಯ ಟೇಪು ಸುತ್ತಿ ಒಳಕ್ಕೆ ತುರುಕಿದ್ದರು. ಸ್ಲಾಟಿನೊಳಗೆ ಜಾಯಿಂಟು. ಅಪ್ಪನ ಅಂಗಡಿಯಲ್ಲಿ ಇದನ್ನು ಮಾಡಿದ ಒಬ್ಬ ಕೆಲಸಗಾರನನ್ನು ಅಪ್ಪ ಅವತ್ತೇ ಮನೆಗೆ ಕಳಿಸಿದ್ದ. ಕೊಳೆತ ಮೀನು ನೋಡಿದಾಗ ಆದದ್ದಕ್ಕಿಂತ ಹೆಚ್ಚು ಹೇಸಿಗೆ ನನಗೆ ಅದನ್ನು ನೋಡಿ ಆಯಿತು.

"ಇದು ಯಾರ ಕೆಲಸ?" ಎಂದು ಕೇಳಿದೆ.

"ನಾನು ಚಿಕ್ಕವನಿದ್ದಾಗ ಒಮ್ಮೆ ಕೆಟ್ಟಿತ್ತು. ಅಪ್ಪ ಎಲ್ಲೋ ಕೊಟ್ಟು ಮಾಡಿಸಿದ್ದರು."

"ದರಿದ್ರ ಕೆಲಸ."

"ಎಪ್ಪತ್ತು ವರ್ಷ ನಡೀತಲ್ಲ," ಎಂದರು ಅಜ್ಜ.

"ನಡೆದರೂ ದರಿದ್ರವೇ. ನಾನು ಸುತ್ತಿಕೊಡ್ತೀನಿ."

ಕರುಣೆಯಿಂದ ಹೇಳಿದ ಮಾತಲ್ಲ ಅದು. ಆ ಕೊಳಕು ಕೆಲಸವನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಿ ಊಟ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಮೆಕ್ಯಾನಿಕ್ಕು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಗ್ಯಾಸು ತುಂಬುವ ಕೆಲಸ ತನ್ನದು, ಮೋಟಾರಿನ ಜವಾಬ್ದಾರಿ ನಿಮ್ಮದು ಎಂದರು.

ನಮ್ಮ ಗ್ಯಾರೇಜಿನಲ್ಲಿ ಟೇಬಲ್ಲು ಹಾಕಿಕೊಂಡೆ. ಬೆಂಕಿ ಹಚ್ಚುವಂತಿರಲಿಲ್ಲ. ಪೇಂಟು ಕೀಳುವ ಬಿಸಿಗಾಳಿಯ ಗನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಕಾಯಿಸಿ, ಉಳಿಯಿಂದ ತಂತಿಯ ತಲೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಒಂದೊಂದೇ ಸ್ಲಾಟನ್ನು ಬರಿದು ಮಾಡಿದೆ. ತಂತಿಯ ಮೇಲಿನ ಹತ್ತಿಯ ನೂಲು ಕರಕಲಾಗಿ ಕೈಗೆ ಹತ್ತುತ್ತಿತ್ತು. ಉಗುರಿನ ಸಂದಿ ಕಪ್ಪಾಯಿತು. ಅದೇ ಹೊಗೆ ಮತ್ತೆ ನನ್ನ ಕೂದಲಿಗೆ ಬಂತು. ದಿನಕ್ಕೆ ಎರಡು ಸಲ ತಲೆಗೆ ಸ್ನಾನ ಮಾಡಿದೆ. ಕೈಯಿಂದ ತುತ್ತು ಎತ್ತಿದರೆ ಬೆರಳಿನಲ್ಲಿ ಆ ನಾತ. ಅನ್ನ ಸಾರನ್ನು ಚಮಚದಲ್ಲಿ ತಿಂದೆ.

ಕೆಡದೆ ಉಳಿದಿದ್ದ ಒಂದು ಕಾಯಿಲಿನ ಸುತ್ತುಗಳನ್ನು ಮೂರು ಸಲ ಎಣಿಸಿ ಬರೆದುಕೊಂಡೆ. ಆ ಗ್ಯಾಸಿಗೂ ಎಣ್ಣೆಗೂ ಕರಗದ ಲೇಪದ ತಂತಿ, ಸ್ಲಾಟಿಗೆ ಹಾಸುವ ಪೇಪರು ತರಿಸಿಕೊಂಡೆ. ಮರದ ತುಂಡಿನಲ್ಲಿ ಅಚ್ಚು ಮಾಡಿ ಸುತ್ತಲು ಕೂತೆ. ಐವತ್ತೇಳರ ಬೆರಳು ಹತ್ತರ ಬೆರಳಲ್ಲ. ಆದರೆ ಲೆಕ್ಕ ತಪ್ಪಲಿಲ್ಲ. ಅಪ್ಪ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ, ಬೆರಳು ಎತ್ತಿ ತೋರಿಸುತ್ತಿದ್ದ. ನಮ್ಮವರು ಕಾಫಿ ಬೇಕಾ ಎಂದು ಕೇಳಿದಾಗ ನಾನೂ ಹಾಗೆಯೇ ಬೆರಳು ಎತ್ತಿದೆ.

ಅರ್ಧದಷ್ಟು ಸ್ಲಾಟುಗಳನ್ನು ತುಂಬಿದ್ದೆ, ಅಷ್ಟರಲ್ಲಿ ಒಂದು ಶನಿವಾರ ಫಾಸ್ಟರ್ ಸಿಟಿಯಿಂದ ಗೆಳತಿ ಬಂದಳು. ಮೈಸೂರಿನವಳು, ಕನ್ನಡ ಕೂಟದಲ್ಲಿ ಇಪ್ಪತ್ತೈದು ವರ್ಷದ ಪರಿಚಯ. ಫ್ರೀಮಾಂಟಿಗೆ ದಿನಸಿಗೆ ಬಂದವಳು ಹಾಗೇ ನಮ್ಮ ಮನೆಗೂ ಬಂದಿದ್ದಳು. ಗ್ಯಾರೇಜು ತೆರೆದೇ ಇತ್ತು. ನನ್ನ ಕೈ ನೋಡಿದಳು, ಟೇಬಲ್ಲು ನೋಡಿದಳು.

"ಇದೇನ್ರೀ ಮಾಡ್ತಿದೀರಾ?"

ಹೇಳಿದೆ. ಅವಳು ಹತ್ತಿರ ಬಂದು ತಾಮ್ರದ ತಂತಿಯನ್ನು ಬೆರಳಲ್ಲಿ ಮುಟ್ಟಿದಳು.

"ಎಷ್ಟು ನೀಟಾಗಿದೆ. ಎಲ್ಲಿ ಕಲಿತ್ರಿ? ನಿಮ್ಮ ತಂದೆಯವರ ಫ್ಯಾಕ್ಟರೀಲಾ?"

ಫ್ಯಾಕ್ಟರಿ ಎನ್ನುವ ಮಾತು ನಮ್ಮವರು ಹುಟ್ಟಿಸಿದ್ದು. ನಾವು ಹೊಸದಾಗಿ ಬಂದಾಗ ಯಾರದೋ ಮನೆಯ ಊಟದಲ್ಲಿ, ಎಲ್ಲರೂ ತಮ್ಮ ತಮ್ಮ ತಂದೆಯರು ಡಾಕ್ಟರು, ಚೀಫ್ ಎಂಜಿನಿಯರು ಎನ್ನುತ್ತಿದ್ದಾಗ, ನಮ್ಮವರು, "ಇವರ ತಂದೆದು ಎಲೆಕ್ಟ್ರಿಕಲ್ ಇಂಡಸ್ಟ್ರಿ," ಎಂದರು. ನಾನು ಪಲ್ಯ ಬಡಿಸಿಕೊಳ್ಳುತ್ತಾ ಸುಮ್ಮನಿದ್ದೆ. ಮುಂದಿನ ವರ್ಷಗಳಲ್ಲಿ ಇಂಡಸ್ಟ್ರಿ ಫ್ಯಾಕ್ಟರಿಯಾಯಿತು. ಒಮ್ಮೆ ನಾನೇ ಮೂವತ್ತು ಜನ ಕೆಲಸಕ್ಕಿದ್ದರು ಎಂದಿದ್ದೆ. ಇದ್ದದ್ದು ಇಬ್ಬರು, ಜೊತೆಗೆ ನಾನು.

ಈಗ ಕೈಯೆರಡೂ ಕರಿ ಬಳಿದುಕೊಂಡು, ಆ ಅಂಗಡಿಯ ಕೆಲಸವನ್ನೇ ಮಾಡುತ್ತಾ ಕೂತು, ಅವಳ ಮುಖ ನೋಡಿ, "ಹೂಂ, ಫ್ಯಾಕ್ಟರೀಲೇ," ಎಂದೆ.

ಅವಳು ದಿನಸಿಯ ಚೀಲದಿಂದ ಕೊತ್ತಂಬರಿ ಸೊಪ್ಪಿನ ಒಂದು ಕಟ್ಟು ತೆಗೆದು ಕೊಟ್ಟು ಹೋದಳು.

ಉಳಿದ ಸ್ಲಾಟುಗಳನ್ನು ಆ ಮಧ್ಯಾಹ್ನವೇ ತುಂಬಿದೆ. ಸರಸರನೆ, ಕೋಪದಲ್ಲಿ. ಮರುದಿನ ತುದಿಗಳನ್ನು ಬೆಸೆದು, ದಾರ ಕಟ್ಟಿ, ಮೆಗ್ಗರ್ ಹಚ್ಚಿದೆ. ತಂತಿಯಿಂದ ಕಬ್ಬಿಣದ ಮೈಗೆ ಕರೆಂಟು ಸೋರುತ್ತಿದೆಯೇ ಎಂದು ಹೇಳುವ ಯಂತ್ರ ಅದು. ಮೇಲೇರಬೇಕಿದ್ದ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಎಲ್ಲೋ ತಂತಿ ಕೋರಿಗೆ ತಾಗಿದೆ. ಹುಡುಕಿದೆ. ಒಂದು ಸ್ಲಾಟಿನಲ್ಲಿ ಪೇಪರು ಕೆಳಕ್ಕೆ ಜಾರಿ, ತಂತಿಯ ಲೇಪ ಅಂಚಿಗೆ ಉಜ್ಜಿಹೋಗಿತ್ತು. ಅವಳು ಹೋದ ಮೇಲೆ ತುಂಬಿದ ಸ್ಲಾಟು.

ಹೊಸ ತಂತಿಯನ್ನೆಲ್ಲ ಕೀಳುತ್ತಾ ಕೂತಿದ್ದಾಗ ನಮ್ಮವರು ಬಂದು ಬಾಗಿಲಲ್ಲಿ ನಿಂತರು.

"ಸಾಕು ಬಿಡು. ಆ ಹಳೇ ಡಬ್ಬಾಕ್ಕೆ ಯಾಕಿಷ್ಟು ಒದ್ದಾಡ್ತೀಯ?"

"ನಿಮಗೆ ಸ್ಪಾ ಪಂಪು ಜ್ಞಾಪಕ ಇದೆಯಾ?" ಎಂದು ಕೇಳಿದೆ.

ಅವರಿಗೆ ಜ್ಞಾಪಕ ಇತ್ತು. ಮುಖ ಬೇರೆ ಕಡೆ ತಿರುಗಿಸಿದರು.

ಅಪ್ಪ ಇಲ್ಲಿಗೆ ಬಂದದ್ದು ಒಂದೇ ಸಲ, ಇಪ್ಪತ್ತು ವರ್ಷದ ಹಿಂದೆ. ಇದೇ ಗೆಳತಿಯ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆವು. ನೀರಿನ ದಂಡೆಯ ಮನೆ. ಹಿತ್ತಲಿನಲ್ಲಿ ಬಿಸಿನೀರ ಸ್ಪಾ ತೊಟ್ಟಿ, ಅದರ ಪಂಪು ಗುಂಯ್ ಅನ್ನುತ್ತಿತ್ತು. ನಾವೆಲ್ಲ ತಟ್ಟೆ ಹಿಡಿದು ಮಾತಾಡುತ್ತಿದ್ದಾಗ ಅಪ್ಪ ಎದ್ದು ಹೋಗಿ, ಕುಕ್ಕರುಗಾಲಲ್ಲಿ ಕೂತು, ಪಂಪಿನ ಮೇಲೆ ಅಂಗೈ ಇಟ್ಟ. ಆಮೇಲೆ ಅದರ ಹತ್ತಿರ ಬಗ್ಗಿ ಮೂಸಿದ. "ಬೇರಿಂಗ್ ಹೋಗೇತಿ. ವೈಂಡಿಂಗ್ ಕಾಯಾಕ ಹತ್ತೇತಿ. ಒಂದು ಸ್ಪ್ಯಾನರ್ ಕೊಟ್ರ ಈಗ್ಲೇ ಬಿಚ್ತೀನಿ," ಎಂದ. ಜನ ತಿರುಗಿ ನೋಡಿದರು. ನಾನು ನಗುತ್ತಾ ಇಂಗ್ಲಿಷಿನಲ್ಲಿ, ಅಪ್ಪನಿಗೆ ಯಂತ್ರಗಳನ್ನು ನೋಡುವ ಹವ್ಯಾಸ ಎಂದೆ. ಅಪ್ಪನ ಹತ್ತಿರ ಹೋಗಿ ಕನ್ನಡದಲ್ಲಿ, "ಸುಮ್ನೆ ಬಂದು ಕೂತ್ಕೋ ಅಪ್ಪ, ನನ್ನ ಮಾನ ತೆಗೀಬೇಡ," ಎಂದೆ. ಅಪ್ಪ ಎದ್ದು ಒಳಗೆ ಹೋಗಿ ಕೈ ತೊಳೆದುಕೊಂಡ. ಕೈಗೆ ಏನೂ ಮೆತ್ತಿರಲಿಲ್ಲ. ಆದರೂ ತುಂಬ ಹೊತ್ತು ತೊಳೆದ. ಊರಿಗೆ ಹೋದ ಮೇಲೆ ನಾಲ್ಕು ವರ್ಷ ಬದುಕಿದ್ದ. ಫೋನಿನಲ್ಲಿ ಅಂಗಡಿಯ ಸುದ್ದಿ ಎತ್ತಲೇ ಇಲ್ಲ.

"ಇಂಡಸ್ಟ್ರಿ ಅಂತ ನಾನು ಹೇಳಿದ್ದು ನಿನಗೋಸ್ಕರ," ಎಂದರು ನಮ್ಮವರು. "ನಿನ್ನನ್ನ ಯಾರೂ ಕೀಳಾಗಿ ನೋಡಬಾರದು ಅಂತ."

"ನೀವು ಒಂದು ಸಲ ಹೇಳಿದ್ರಿ. ಆಮೇಲಿನದ್ದೆಲ್ಲ ನಾನೇ ಹೇಳಿದ್ದು."

ಅವರು ಒಳಗೆ ಬಂದರು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು, ನಾನು ಕಿತ್ತ ತಂತಿಯನ್ನು ಒಂದು ಚೀಲಕ್ಕೆ ತುಂಬತೊಡಗಿದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ನನ್ನ ಮೇಲೆ ಬಂದದ್ದಕ್ಕೆ ಕೋಪ ಎಂದು ಹೆಸರಿಡಲಾರೆ. ಫ್ರಿಜ್ಜಿನ ರಬ್ಬರಿನ ಸಂದಿಯನ್ನು ಬೆರಳಿನಿಂದ ಬಿಡಿಸಿ ನೋಡಿದಾಗ ಒಳಗೆ ಹುಳು ಕಂಡವಲ್ಲ, ಹಾಗೆ ಇತ್ತು.

ಎರಡನೆಯ ಸಲ ಹನ್ನೊಂದು ದಿನ ತೆಗೆದುಕೊಂಡೆ. ಒಂದೊಂದು ಸ್ಲಾಟು ತುಂಬಿದ ಮೇಲೂ ಮೆಗ್ಗರ್ ಹಚ್ಚಿದೆ. ಎಲ್ಲ ಮುಗಿದ ಮೇಲೆ ತೇವ ಹೋಗಲು ಕಡಿಮೆ ಉರಿಯಲ್ಲಿ ಇಡೀ ದಿನ ಒಣಗಿಸಬೇಕಿತ್ತು. ನಮ್ಮ ಓವನ್ನು ಕೊಡಲು ನಮ್ಮವರು ಒಪ್ಪಲಿಲ್ಲ. ಅಜ್ಜನ ಓವನ್ನಿನಲ್ಲಿ ಇಟ್ಟೆವು. ಅದರೊಳಗೆ ಎಷ್ಟೋ ವರ್ಷದ ಕೊಬ್ಬು ಕರಕಲುಗಟ್ಟಿತ್ತು. ಕಾದ ಕೂಡಲೇ ಅದು ಹೊಗೆಯಾಡಿತು. ಮತ್ತೆ ಹೊರಗೆ ತೆಗೆದು, ಆ ಓವನ್ನನ್ನೂ ನಾನೇ ಕೆರೆದು ತೊಳೆದೆ. ಅಜ್ಜ ಕುರ್ಚಿಯಲ್ಲಿ ಕೂತು, "ನೀವು ಬಂದಾಗಿನಿಂದ ನನ್ನ ಮನೆ ಶುಚಿಯಾಗ್ತಿದೆ," ಎಂದರು. ನನಗೆ ನಗು ಬರಲಿಲ್ಲ.

ಮೋಟಾರು ಓವನ್ನಿನಲ್ಲಿದ್ದ ಆ ದಿನವೇ ಗೆಳತಿಗೆ ಫೋನು ಮಾಡಿದೆ. ಹೇಗೆ ಶುರುಮಾಡಬೇಕೆಂದು ಯೋಚಿಸಿಕೊಂಡದ್ದೆಲ್ಲ ಮರೆತುಹೋಯಿತು.

"ನಾನು ಅವತ್ತು ನಿಮಗೆ ಸುಳ್ಳು ಹೇಳಿದೆ. ಅವತ್ತೊಂದೇ ದಿನ ಅಲ್ಲ. ನಮ್ಮಪ್ಪಂದು ಫ್ಯಾಕ್ಟರಿ ಇರಲಿಲ್ಲ. ವೈಂಡಿಂಗ್ ಅಂಗಡಿ ಇತ್ತು, ಚಿಕ್ಕದು."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಅವಳು ಒಲೆ ಸಣ್ಣ ಮಾಡಿ ಬಂದಳು.

"ಗೊತ್ತು ರೀ," ಎಂದಳು.

"ಏನು ಗೊತ್ತು?"

"ನಿಮ್ಮ ತಂದೆ ನಮ್ಮನೆಗೆ ಬಂದಿದ್ರಲ್ಲ, ಅವತ್ತು ಕೈ ತೊಳೆಯೋಕೆ ಒಳಗೆ ಬಂದಾಗ ನಮ್ಮೆಜಮಾನ್ರ ಹತ್ರ ಹೇಳಿದ್ರು. ದಾವಣಗೆರೇಲಿ ಅಂಗಡಿ ಇದೆ, ನೀವು ಊರ ಕಡೆ ಬಂದ್ರೆ ಬನ್ನಿ ಅಂತ. ಪಂಪಿನ ಬೇರಿಂಗು ಬದಲಾಯಿಸಿ, ಇಲ್ದಿದ್ರೆ ಸುಡತ್ತೆ ಅಂದ್ರು. ಬದಲಾಯಿಸಿದ್ವಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಇನ್ನೊಂದು ಹೇಳಿದ್ರು," ಎಂದಳು ಅವಳು. "ಮಗಳಿಗೆ ನಾನು ಹೇಳಿದೆ ಅಂತ ಹೇಳ್ಬೇಡಿ, ಅವಳಿಗೆ ಬೇಜಾರಾಗತ್ತೆ ಅಂತ. ಅದಕ್ಕೇ ನಾವ್ಯಾರೂ ಎತ್ತಲಿಲ್ಲ."

"ಯಾರೂ ಅಂದ್ರೆ?"

"ಎಲ್ಲರಿಗೂ ಗೊತ್ತು ರೀ. ಅದರಲ್ಲೇನಿದೆ." ಅದೇ ಉಸಿರಿನಲ್ಲಿ ಕೇಳಿದಳು: "ನಮ್ಮ ದೋಸೆ ಗ್ರೈಂಡರಿಂದು ಮೋಟಾರು ಸುಟ್ಟು ಎರಡು ತಿಂಗಳಾಯ್ತು. ನೋಡ್ತೀರಾ?"

ನೋಡುತ್ತೇನೆ ಎಂದೆ. ಫೋನಿಟ್ಟು ಅಜ್ಜನ ಹಿತ್ತಲಿಗೆ ಹೋಗಿ ನಿಂತೆ. ಇಪ್ಪತ್ತು ವರ್ಷ ನಾನು ಫ್ಯಾಕ್ಟರಿಯ ಮಾತಾಡುವಾಗಲೆಲ್ಲ ಅಷ್ಟೂ ಜನ ತಲೆಯಾಡಿಸಿದ್ದರು. ಮೂವತ್ತು ಜನ ಕೆಲಸಗಾರರು ಎಂದಾಗಲೂ ತಲೆಯಾಡಿಸಿದ್ದರು. ನನ್ನ ಮಾನ ಕಾಪಾಡಲು ಅಪ್ಪ ಕೇಳಿಕೊಂಡು ಹೋಗಿದ್ದ. ಯಾರಾದರೂ ಒಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಅವರ ಸೌಜನ್ಯವೂ ನನಗೆ ಅವತ್ತು ವಾಕರಿಕೆ ತರಿಸಿತು.

ಮುಂದಿನ ವಾರ ಮೆಕ್ಯಾನಿಕ್ಕು ಬಂದು ಎಲ್ಲ ಭಾಗ ತೊಳೆದು, ಹೊಸ ಎಣ್ಣೆ ಹಾಕಿ, ಗುಮ್ಮಟ ಕೂರಿಸಿ ಬೋಲ್ಟು ಬಿಗಿದರು. ಹಳೆಯ ಗಂಧಕದ ಗ್ಯಾಸಿನ ಬದಲು ಅಪಾಯವಿಲ್ಲದ ಬೇರೆ ಗ್ಯಾಸು ತುಂಬಿದರು. ಸ್ವಿಚ್ಚು ಹಾಕುವಂತೆ ಅಜ್ಜ ನನಗೆ ಹೇಳಿದರು. ನಾನು ಹಾಕಲಿಲ್ಲ, ಮೆಕ್ಯಾನಿಕ್ಕು ಹಾಕಿದರು. ಒಂದು ಸಣ್ಣ ಒದೆತ, ಆಮೇಲೆ ಮೆಲ್ಲಗೆ ಗುನುಗು. ನಾನು ಗುಮ್ಮಟದ ಮೇಲೆ ಅಂಗೈ ಇಟ್ಟು ಅರ್ಧ ಗಂಟೆ ನಿಂತೆ. ಬೆಚ್ಚಗಾಯಿತು, ಕಾಯಲಿಲ್ಲ. ಒಳಗಿನ ಲೋಹದ ಪೆಟ್ಟಿಗೆಯ ಮೇಲೆ ತೆಳ್ಳಗೆ ಹಿಮ ಕಟ್ಟಿತು. ಮೆಕ್ಯಾನಿಕ್ಕು ಕರೆಂಟು ಅಳೆದು, "ಸರಿಯಾಗಿದೆ," ಎಂದರು, ನನ್ನ ಕಡೆ ನೋಡಿ ಒಮ್ಮೆ ತಲೆ ಬಾಗಿಸಿದರು. ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಟ್ಟಿತ್ತು, ರಿಪೇರಿಯಾಯಿತು, ಅಷ್ಟೆ. ಅದು ಈಗಲೂ ನಡೆಯುತ್ತಿದೆ.

ಯುಗಾದಿಯ ಊಟಕ್ಕೆ ಕನ್ನಡ ಕೂಟದವರು ಸೇರಿದಾಗ, ಹೊಸದಾಗಿ ಬಂದ ಒಂದು ಕುಟುಂಬದ ಹೆಂಗಸು ನಮ್ಮ ಮೇಜಿಗೆ ಬಂದು ಕೂತಳು. ಮಾತಿಗೆ ಮಾತು ಬಂದು, ನಿಮ್ಮ ತಂದೆ ಏನು ಮಾಡ್ತಿದ್ರು ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಮೋಟಾರ್ ವೈಂಡಿಂಗ್ ಅಂಗಡಿ ಇತ್ತು," ಎಂದರು. ನನಗೆ ಒಂದು ಕ್ಷಣ ಹಾಯೆನಿಸಿತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಇಡೀ ಜಿಲ್ಲೆಗೇ ಹೆಸರುವಾಸಿ. ಬೆಂಗಳೂರಿನಿಂದೆಲ್ಲ ಬರ್ತಿದ್ರು."

"ಹೆಸರುವಾಸಿ ಏನಿರಲಿಲ್ಲ," ಎಂದೆ ನಾನು. "ನಮ್ಮ ಬೀದೀಲೇ ಇನ್ನೂ ನಾಲ್ಕು ಅಂಗಡಿ ಇದ್ದವು. ಬೆಂಗಳೂರಿನಿಂದ ಯಾರೂ ಬರ್ತಿರಲಿಲ್ಲ."

ನಮ್ಮವರು ತಮ್ಮ ಎಲೆಯ ಕಡೆ ನೋಡಿದರು. ಆ ಹೆಂಗಸು ಹೌದಾ ಎಂದು, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡಳು.